ಅಮಾವಾಸ್ಯೆಯ ಮೊಸರು

ಬೀಳಗಿಯಲ್ಲಿ ನಮ್ಮ ಅವ್ವ ನಡೆಸುತ್ತಿದ್ದ ಖಾನಾವಳಿಯಲ್ಲಿ ಅಮಾವಾಸ್ಯೆಯ ದಿನ ಮೊಸರಿಗೆ ದುಡ್ಡು ತೆಗೆದುಕೊಳ್ಳುತ್ತಿರಲಿಲ್ಲ. ಅದನ್ನು ಗೋಡೆಯ ಮೇಲೆ ಎಲ್ಲಿಯೂ ಬರೆದಿರಲಿಲ್ಲ. ಕಚೇರಿಯ ನೌಕರರು, ಕೋರ್ಟಿಗೆ ಅಲೆಯುವವರು, ಸಂತೆಗೆ ಬಂದ ರೈತರು, ಊಟಕ್ಕೆ ಬರುವ ಎಲ್ಲರಿಗೂ ಅದು ಗೊತ್ತಿತ್ತು. ಆ ದಿನ ಎರಡನೆಯ ಸಲ ಮೊಸರು ಕೇಳಲು ಯಾರೂ ಸಂಕೋಚಪಡುತ್ತಿರಲಿಲ್ಲ.

ಮೊಸರು ಬರುತ್ತಿದ್ದುದು ಬಾಡಗಂಡಿಯ ಆಚೆ, ಹೊಲದ ವಸ್ತಿಯಲ್ಲಿರುವ ಒಂದು ಮನೆಯಿಂದ. ಬೀರಪ್ಪ ದೇವರ ಒಕ್ಕಲಿನವರು. ಕುರಿಗಳಿದ್ದವು, ಎಮ್ಮೆಗಳಿದ್ದವು. ಆ ಮನೆಯ ಹಿರಿಯಾಕೆಯನ್ನು ನಾವು ಆಯಿ ಎನ್ನುತ್ತಿದ್ದೆವು. ಅಮಾವಾಸ್ಯೆಯ ದಿನ ಆಯಿಯ ಮನೆಯಿಂದ ಹಾಲು, ಮೊಸರು, ಬೆಣ್ಣೆ ಯಾವುದೂ ದುಡ್ಡಿಗೆ ಹೊರಗೆ ಹೋಗುತ್ತಿರಲಿಲ್ಲ. ಆ ದಿನ ಮಾರಿದರೆ ಎಮ್ಮೆ ಬತ್ತುತ್ತದೆ ಎಂಬ ನಂಬಿಕೆ. ಹಾಗೆಂದು ಉಣ್ಣುವವರ ಎಲೆ ಬರಿದಾಗಬಾರದೆಂದು ಗಡಿಗೆಗಳು ಎಂದಿನಂತೆಯೇ ಬರುತ್ತಿದ್ದವು, ಲೆಕ್ಕವಿಲ್ಲದೆ. ಅವರು ಪುಕ್ಕಟೆ ಕೊಟ್ಟದ್ದನ್ನು ಅವ್ವ ಪುಕ್ಕಟೆ ಬಡಿಸುತ್ತಿದ್ದಳು. ಇಬ್ಬರು ಹೆಂಗಸರ ನಡುವೆ ಇದು ಯಾವಾಗ ಮಾತಾಯಿತೋ ನನಗೆ ತಿಳಿಯದು. ನನಗೆ ತಿಳಿವಳಿಕೆ ಬರುವಷ್ಟರಲ್ಲಿ ಅದು ನಡೆದುಕೊಂಡು ಬಂದಿತ್ತು.

ಅವ್ವನ ನಂತರ ಖಾನಾವಳಿ ಅಕ್ಕನ ಕೈಗೆ ಬಂತು. ಒಲೆಯ ಕಡೆ ನಾನು, ಗಿರಾಕಿಯ ಕಡೆ ಅವಳು. ಅಕ್ಕನಿಗೆ ಅದನ್ನು ಬೆಳೆಸುವ ಆಸೆಯಿತ್ತು. ಆ ಆಸೆಯನ್ನು ನಾನು ಹಗುರವಾಗಿ ಬರೆಯಲಾರೆ. ಊರಿನಲ್ಲಿ ಎರಡು ಹೊಸ ಹೋಟೆಲುಗಳು ಬಂದಿದ್ದವು. ಬೆಳೆಯದಿದ್ದರೆ ಇರುವುದೂ ಉಳಿಯುವುದಿಲ್ಲ ಎಂದು ಅವಳು ಹೇಳುತ್ತಿದ್ದಳು, ಅದು ಸುಳ್ಳಾಗಿರಲಿಲ್ಲ. ಮೊದಲು ಬೆಂಚುಗಳನ್ನು ಹೆಚ್ಚಿಸಿ ನೋಡಿದಳು. ಬೆಂಚು ಹೆಚ್ಚಾದವು, ಉಣ್ಣುವವರು ಅವರೇ. ಮೊಬೈಲಿನಲ್ಲಿ ಆರ್ಡರು ತೆಗೆದುಕೊಂಡು ಮನೆಗೆ ಮುಟ್ಟಿಸುವುದನ್ನು ಶುರುಮಾಡಿದಳು. ಬೀಳಗಿಯಲ್ಲಿ ಯಾರ ಮನೆಯೂ ದೂರವಿಲ್ಲ. ಜನ ಆರ್ಡರು ಹಾಕಿ, ತಡವಾಯಿತೆಂದು ತಾವೇ ನಡೆದು ಬಂದು ಬೈದು ಒಯ್ಯುತ್ತಿದ್ದರು. ಮದುವೆಯ ಊಟ ಹಿಡಿದಳು. ಅದು ಮುಹೂರ್ತವಿದ್ದಾಗ ಮಾತ್ರ. ಕಡಕ್ ರೊಟ್ಟಿ, ಶೇಂಗಾ ಚಟ್ನಿಯ ಪೊಟ್ಟಣ ಕಟ್ಟಿಸಿದಳು. ಅದು ನಡೆಯಿತು, ಆದರೆ ರೊಟ್ಟಿ ಬಡಿಯುವ ಹೆಂಗಸರ ಕೈ ಎಷ್ಟು ಓಡಿದರೆ ಅಷ್ಟೇ.

ಆಮೇಲೆ ಅವಳ ಮಗಳ ಮದುವೆಯಾಗಿ ಅಳಿಯ ಬಂದ. ರಬಕವಿಯವನು. ಮನೆತನದ ಮಗ್ಗಗಳಿದ್ದವು, ಸೀರೆಯ ವ್ಯಾಪಾರ. ಮಾತು ಚುರುಕು, ಕೆಲಸವೂ ಚುರುಕು.

"ಅತ್ತಿ, ಒಂದ ಡಿಸೈನ್ ಓಡಾಕತ್ತಿದ್ರ ಮಗ್ಗಾ ಹೆಚ್ಚ ಮಾಡಬೇಕ್ರಿ. ಇದ್ದ ಮಗ್ಗದ ಮ್ಯಾಲ ಕುಂತ್ಕೊಂಡು ಗಿರಾಕಿ ಬರವಲ್ರು ಅಂತ ಅಳಬಾರದು," ಎಂದ.

"ಇಲ್ಲಿ ಯಾವುದಪಾ ಡಿಸೈನು?" ಎಂದು ಅಕ್ಕ ಕೇಳಿದಳು.

"ಮೊಸರ್ರಿ. ರೊಟ್ಟಿ ಎಲ್ಲಾರೂ ಕೊಡ್ತಾರ. ಈ ಮೊಸರು ಎಲ್ಲಿ ಸಿಗ್ತೈತಿ?"

ಅವನು ಹೇಳಿದ್ದು ಸರಿಯಾಗಿತ್ತು. ಆಯಿಯ ಮನೆಯ ಮೊಸರಿಗೆ ಮೇಲೆ ಕೆಂಪಗೆ ಕೆನೆ ಕಟ್ಟುತ್ತಿತ್ತು. ಬೊಗಸೆಯಷ್ಟು ಮಣ್ಣಿನ ಬಟ್ಟಲಿಗೆ ಕೊರೆದು ಹಾಕಿದರೆ ಹಾಕಿದ ಆಕಾರದಲ್ಲೇ ನಿಲ್ಲುತ್ತಿತ್ತು.

ಅನಗವಾಡಿಯ ಹತ್ತಿರ, ಸೇತುವೆಗೆ ಸ್ವಲ್ಪ ಮೊದಲು, ಹೆದ್ದಾರಿಯ ಪಕ್ಕ ಜಾಗ ಹಿಡಿದರು. ಅವ್ವ ಬಿಟ್ಟುಹೋದ ಬೀಳಗಿಯ ಜಾಗವನ್ನೇ ಅಡವಿಟ್ಟು ಕಟ್ಟಿದ್ದು. ಹೊಸದು ನಿಲ್ಲದಿದ್ದರೆ ಹಳೆಯದೂ ಹೋಗುತ್ತದೆ ಎಂಬುದು ನಮ್ಮ ಮೂವರಿಗೂ ಗೊತ್ತಿತ್ತು. ನಾನು ಬೆಳಗಿನ ಅಡುಗೆ ಬೀಳಗಿಯಲ್ಲಿ ಮುಗಿಸಿ ಮಧ್ಯಾಹ್ನಕ್ಕೆ ಅಲ್ಲಿಗೆ ಹೋಗುತ್ತಿದ್ದೆ. ನಮ್ಮ ರೊಟ್ಟಿಯ ಹೆಂಗಸರು ಅಷ್ಟು ದೂರ ಬರಲಿಲ್ಲ; ಅನಗವಾಡಿಯವರೇ ಬಂದರು, ಅವರ ರೊಟ್ಟಿ ಒಂದು ಪದರ ದಪ್ಪ. ಎಣ್ಣೆಗಾಯಿಯ ಖಾರ ಕಡಿಮೆಯಾಯಿತು, ದಾರಿಹೋಕರಿಗೆ ಅಷ್ಟು ಆಗುವುದಿಲ್ಲವೆಂದು. ಬದಲಾಗದೆ ಉಳಿದದ್ದು ಮೊಸರೊಂದೇ. ಆಯಿಯ ಮಗ ಬೆಳಿಗ್ಗೆ ಮೋಟಾರ್ ಸೈಕಲ್ಲಿನ ಎರಡೂ ಕಡೆ ಗಡಿಗೆ ಕಟ್ಟಿಕೊಂಡು ಮೊದಲು ಬೀಳಗಿಗೆ, ಆಮೇಲೆ ಹೆದ್ದಾರಿಗೆ ತಂದುಕೊಡುತ್ತಿದ್ದ. ವಿಜಯಪುರದ ಕಡೆ ಹೋಗುವವರು ಕಾರು ನಿಲ್ಲಿಸಿ ಮೊಸರಿನ ಫೋಟೋ ತೆಗೆದರು. ಅದನ್ನು ನೋಡಿ ಇನ್ನಷ್ಟು ಜನ ಬಂದರು.

ಅಲ್ಲಿ ಮೊಸರಿಗೆ ಬೇರೆ ದರವಿತ್ತು. ಮೊದಲ ಅಮಾವಾಸ್ಯೆಯ ಹಿಂದಿನ ದಿನ ಅಕ್ಕ ಅಳಿಯನಿಗೆ ಸಂಗತಿ ಹೇಳಿದಳು. ನಾನು ಅಲ್ಲೇ ಇದ್ದೆ.

"ಬೀಳಗ್ಯಾಗ ಪುಕ್ಕಟ ಕೊಡ್ರಿ, ನಾ ಬ್ಯಾಡನ್ನಂಗಿಲ್ಲ," ಎಂದ ಅವನು. "ಅಲ್ಲಿ ಮಂದಿಗೆ ಗೊತ್ತೈತಿ. ಇಲ್ಲಿ ದಾರ್ಯಾಗ ಹೋಗಾವ್ರಿಗೆ ಅಮಾಸಿ ಏನು, ಹುಣ್ಣಿವಿ ಏನು? ನಾಳಿ ದೇವರಿಗೆ ಹೋಗೂ ಮಂದಿ ಅಗದಿ ಗದ್ಲ ಇರ್ತೈತಿ. ಅವತ್ತs ಕೈ ಬಿಟ್ರ ಹೆಂಗ್ರಿ?"

ಅಕ್ಕ ಒಪ್ಪಿದಳು ಎಂದು ನಾನು ಬರೆಯುವುದಿಲ್ಲ, ಬೇಡವೆಂದಳು ಎಂದೂ ಬರೆಯಲು ಬರುವುದಿಲ್ಲ. ಸೆರಗಿನಿಂದ ಟೇಬಲ್ಲು ಒರೆಸಿ ಒಳಗೆ ಹೋದಳು. ಮರುದಿನ ಗಡಿಗೆಗಳು ಬಂದವು, ಲೆಕ್ಕವಿಲ್ಲದೆ, ಎಂದಿಗಿಂತ ಹೆಚ್ಚೇ. ಆಯಿ ಹೊಸ ಹೋಟೆಲಿಗೆಂದು ಬೇರೆ ಹೆಪ್ಪು ಹಾಕಿಸಿದ್ದರಂತೆ. ಆ ದಿನ ಬಡಿಸಿದ ಪ್ರತಿಯೊಂದು ಬಟ್ಟಲಿಗೂ ದುಡ್ಡು ಬಂತು.

ಹಾಗೆ ದುಡ್ಡು ಕೊಟ್ಟವರಲ್ಲಿ ಆಯಿಯ ಬೀಗರೂ ಇದ್ದರು. ಬಾಗಲಕೋಟೆಯಿಂದ ವಸ್ತಿಗೇ ಬರುತ್ತಿದ್ದವರು, ದಾರಿಯಲ್ಲಿ ಉಂಡು, ವಸ್ತಿಗೆ ಹೋಗಿ, "ನಿಮ್ಮ ಮೊಸರು ತುಟ್ಟಿ ಆಗೇತಿ ಬಿಡ್ರಿ, ಅಮಾಸಿ ದಿನಾನೂ ಬಿಡಂಗಿಲ್ಲ" ಎಂದು ನಕ್ಕರಂತೆ. ಬೀಗರ ಬಾಯಿಂದ ಬಂದ ಮಾತು. ಮರುದಿನ ಬೀಳಗಿಗೂ ಹೆದ್ದಾರಿಗೂ ಗಡಿಗೆ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಮೊಸರಿಲ್ಲವೆಂದರೆ ಗಿರಾಕಿಗಳು ಮೊಬೈಲಿನಲ್ಲಿದ್ದ ಫೋಟೋ ತೋರಿಸಿ ಜಗಳವಾಡಿದರು.

ನಾನೂ ಅಕ್ಕನೂ ವಸ್ತಿಗೆ ಹೋದೆವು. ಆಯಿ ಕೊಟ್ಟಿಗೆಯ ಮುಂದಿನ ಕಟ್ಟೆಯ ಮೇಲೆ ಕುಳಿತಿದ್ದರು. ಕೂಡ್ರಿ ಅನ್ನಲಿಲ್ಲ. ಆ ಮನೆಯಲ್ಲಿ ನಾನು ನೀರು ಕುಡಿಯದೆ ನಿಂತದ್ದು ಅದೇ ಮೊದಲು.

"ಯಾರ ನೀವು?" ಎಂದು ಆಯಿ ಕೇಳಿದರು.

"ಹಂಗ್ಯಾಕಂತೀರಿ ಆಯಿ? ನಾವ್ರೀ," ಎಂದಳು ಅಕ್ಕ.

"ನಿಮ್ಮವ್ವ ಇದ್ದಾಗ ನೀವು ನಾವು ಅಂತ ಇತ್ತು. ಈಗ ನೀ ಹೋಟೆಲ್ ಮಾಲಕಿ. ಮಾಲಕರಿಗೆ ಈ ಶಗಣ್ಯಾಗ ಏನ ಕೆಲಸ?"

"ಗಡಿಗಿ ಬರಲಿಲ್ಲ ಅಂತ ಬಂದ್ವಿ."

"ಬರಂಗಿಲ್ಲ."

"ತಪ್ಪಾಗೇತ್ರಿ. ಬಿಲ್ ಮಾಡೂದು ಕಂಪ್ಯೂಟರ್ ಐತಿ. ಅದರಾಗ ಮೊಸರಂದ್ರ ತಾನs ರೇಟ ಬೀಳ್ತೈತಿ."

"ಹಂಗಾರ ಕಂಪ್ಯೂಟರಿಗೇ ಹೇಳಬೇ, ಎಮ್ಮಿ ಹಿಂಡಿಕೊಡ್ತೈತಿ."

ಕೊಟ್ಟಿಗೆಯೊಳಗೆ ಯಾರೋ ನಕ್ಕರು. ಆಯಿ ನಗಲಿಲ್ಲ. ಮೂಲೆಯಲ್ಲಿ ಕಟ್ಟಿದ್ದ ಒಂದು ಎಮ್ಮೆಯತ್ತ ಕೈ ತೋರಿಸಿದರು. ಅದರ ಕೆಚ್ಚಲು ಒಂದು ಕಡೆ ಬಾತಿತ್ತು.

"ನೋಡು. ಮುಟ್ಟಿ ನೋಡು ಬಾ. ಕಲ್ಲಾಗೇತಿ. ಅಮಾಸಿ ಆದ ಮರದಿನ ಹಾಲಿನ ಬದಲಿ ರಕ್ತ ಬಂತು."

ಕೆಚ್ಚಲು ಬಾವು ನೆಲದ ಕೆಸರಿನಿಂದಲೂ ಬರುತ್ತದೆ. ದನದ ಡಾಕ್ಟರು ಅವರ ಮಗನಿಗೆ ಅದನ್ನೇ ಹೇಳಿದ್ದರೆಂದು ಆಮೇಲೆ ತಿಳಿಯಿತು. ಆದರೆ ಆ ಎಮ್ಮೆಯ ಮುಂದೆ ನಿಂತಾಗ ನನಗೆ ಅದನ್ನು ಹೇಳುವ ಬಾಯಿ ಬರಲಿಲ್ಲ.

ಆಗ ಅಕ್ಕ ಒಂದು ಕೆಲಸ ಮಾಡಿದಳು. ನಮ್ಮ ಕಡೆ ಹುಟ್ಟಿ ಬೆಳೆದವಳು ಮಾಡಬಾರದ ಕೆಲಸ, ಆದರೆ ವ್ಯಾಪಾರದಲ್ಲಿ ನ್ಯಾಯವಾಗಿ ನಡೆಯಬೇಕೆನ್ನುವವಳು ಮಾಡಿಬಿಡಬಹುದಾದ ಕೆಲಸ. ಅಮಾವಾಸ್ಯೆಯ ದಿನ ಮೊಸರಿಗೆ ಬಂದ ಅಷ್ಟೂ ದುಡ್ಡನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಬಂದಿದ್ದಳು. ನನಗೂ ಹೇಳಿರಲಿಲ್ಲ. ಅದನ್ನು ಬಿಚ್ಚಿ ಆಯಿಯ ಮುಂದೆ ಹಿಡಿದಳು. "ಇದರಾಗ ಒಂದ ರೂಪಾಯಿನೂ ನನಗ ಬ್ಯಾಡ್ರಿ. ನಿಮ್ಮದು ನೀವ ಇಟ್ಕೊಳ್ರಿ," ಎಂದಳು.

ಆಯಿ ಬೆಂಕಿ ಕಂಡವರಂತೆ ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡರು.

"ಅವತ್ತ ನೀ ಮಾರಿದಿ," ಎಂದರು. ಧ್ವನಿ ಏರಿರಲಿಲ್ಲ. "ಈಗ ನನ್ನ ಕೈಲೇ ಮಾರಸಾಕ ಬಂದೀಯೇನ ಬೇ? ನಾ ಇದನ್ನ ಹಿಡದ್ರ ಮಾರಾಟ ಪೂರಾ ಆತು. ಹೌದಿಲ್ಲೋ? ತಗೀ ಅದನ್ನ. ಅಂಗಳಾ ದಾಟು."

ಅಕ್ಕನ ಕೈ ಹಾಗೇ ಚಾಚಿಕೊಂಡಿತ್ತು. ನಾನು ಅವಳ ಮಣಿಕಟ್ಟು ಹಿಡಿದು ಹೊರಗೆ ಕರೆತಂದೆ.

ಆಯಿಯ ಮಗ ನಮ್ಮನ್ನು ರಸ್ತೆಯವರೆಗೆ ಕಳಿಸಲು ಬಂದ. ನಡುವಯಸ್ಸು ದಾಟಿದ, ಮೆತ್ತಗಿನ ಮನುಷ್ಯ. ಬೇವಿನ ಗಿಡದ ಹತ್ತಿರ ನಿಂತು, ಹಿಂದೆ ತಿರುಗಿ ನೋಡಿ, ಹೇಳಿದ:

"ಅವ್ವನ ಮಾತಿಗೆ ಸಿಟ್ಟಾಗಬ್ಯಾಡ್ರಿ ಅಕ್ಕಾರ. ಖರೆ ಹೇಳಬೇಕಂದ್ರ ನಾನೂ ಅಮಾಸಿಗೆ ಡೇರಿಗೆ ಹಾಲ ಹಾಕೀನಿ. ದಿನಾ ಹಾಕಿ ಅವತ್ತ ತಪ್ಪಿಸಿದ್ರ ಡೇರಿಯವ್ರು ತಕರಾರ ತಗೀತಾರ. ಅಕಿಗೆ ಗೊತ್ತಿಲ್ಲ, ಗೊತ್ತಾದ್ರ ಜೀವಾ ಬಿಡ್ತಾಳ. ನೀವು ಸುಮ್ಮಕಿರ್ರಿ. ಮುಂದಿನ ಅಮಾಸಿ ದಾಟಲಿ, ನಾ ಒಪ್ಪಸ್ತೇನಿ. ಗಡಿಗಿ ನಾನs ತಂದ ಮುಟ್ಟಸ್ತೇನಿ."

ನಮಗೆ ಆಗ ಉಳಿದಿದ್ದ ಭರವಸೆ ಆ ಮನುಷ್ಯ ಒಬ್ಬನೇ.

ಆ ತಿಂಗಳು ಹೆದ್ದಾರಿಯ ಹೋಟೆಲು ಕೆಟ್ಟದಾಗಿ ನಡೆಯಿತು. ಅಳಿಯ ಮೂರು ಕಡೆಯಿಂದ ಮೊಸರು ತರಿಸಿ ನೋಡಿದ; ಒಂದು ನೀರು ಬಿಟ್ಟಿತು, ಒಂದು ಹುಳಿ, ಒಂದಕ್ಕೆ ಹೊಗೆಯ ವಾಸನೆ. ಅವನೂ ಅಕ್ಕನೂ ನನ್ನೆದುರೇ ಜಗಳವಾಡುತ್ತಿದ್ದರು. "ಒಬ್ಬ ಮುದುಕಿ ಮ್ಯಾಲ ಅಂಗಡಿ ನಿಂದರಸೂದ ತಪ್ಪಾತು," ಎನ್ನುತ್ತಿದ್ದ. "ಆ ಡಿಸೈನ್ ಹಿಡದಾವ ಯಾರು?" ಎಂದು ಅಕ್ಕ ತಿರುಗಿ ಕೇಳುತ್ತಿದ್ದಳು.

ಮುಂದಿನ ಅಮಾವಾಸ್ಯೆಯ ಮಧ್ಯಾಹ್ನ ಕುರಿಗಳು ಬಂದವು.

ನಾನು ಅಡುಗೆಮನೆಯ ಕಿಟಕಿಯಿಂದ ಮೊದಲು ಕಂಡದ್ದು ದೂಳು. ಆಮೇಲೆ ಹಿಂಡು. ಹೋಟೆಲಿನ ಮುಂದೆ ಕಾರು ನಿಲ್ಲುವ ಜಾಗದ ತುಂಬ ಕುರಿಗಳು ಒತ್ತಿಕೊಂಡು ನಿಂತವು. ನಮ್ಮ ಕಡೆ ಗೊಬ್ಬರಕ್ಕೆಂದು ಹೊಲದಲ್ಲಿ ಕುರಿ ತರುಬುತ್ತಾರೆ, ಎಂದರೆ ರಾತ್ರಿಯೆಲ್ಲ ನಿಲ್ಲಿಸುತ್ತಾರೆ. ರೈತ ಕರೆದು, ಕಾಳು ಕೊಟ್ಟು ತರುಬಿಸಿಕೊಳ್ಳುತ್ತಾನೆ. ಇದು ಕರೆಯದೆ ಬಂದ ಹಿಂಡು. ಆಯಿ ಕಂಬಳಿ ಹಾಸಿ ಬಾಗಿಲಿಗೆ ಎದುರಾಗಿ ಕುಳಿತರು. ಪಕ್ಕದಲ್ಲಿ ಅವರ ಮಗ ಕೋಲು ಹಿಡಿದು, ನಮ್ಮ ಕಡೆ ನೋಡದೆ ನಿಂತಿದ್ದ. ಜೊತೆಗೆ ವಸ್ತಿಯ ಇನ್ನೂ ಕೆಲವರು.

ಒಂದು ಕಾರು ನಿಧಾನವಾಗಿ ಬಂದು, ಜಾಗ ಕಾಣದೆ, ಮುಂದೆ ಹೋಯಿತು. ಇನ್ನೊಂದೂ ಹೋಯಿತು.

ಅಳಿಯ ಹೊರಗೆ ಓಡಿದ. "ಏ, ಇದೇನ ಹಚ್ಚೀರಿ? ಹೊಡೀರಿ ಕುರಿ ಆಕಡೆ!"

"ಯಾಕಪಾ?" ಎಂದರು ಆಯಿ. "ರಸ್ತಿ ಸರಕಾರದ್ದು. ಕುರಿ ದಣದಾವು."

"ಧಂದೆ ಹಾಳಾಕ್ಕೈತಿ."

"ಕುರಿ ಹಿಕ್ಕಿಗೂ ರೇಟ್ ಹಚ್ಚು. ನಿಮ್ಮ ಕಂಪ್ಯೂಟರನ್ಯಾಗ ಬೀಳ್ತೈತಿ."

ವಸ್ತಿಯವರು ಜೋರಾಗಿ ನಕ್ಕರು. ಒಳಗೆ ಉಣ್ಣುತ್ತಿದ್ದ ಗಿರಾಕಿಗಳು ತಟ್ಟೆ ಬಿಟ್ಟು ಬಾಗಿಲಿಗೆ ಬಂದರು. ಇಬ್ಬರು ಮೊಬೈಲು ಎತ್ತಿ ಹಿಡಿದರು. ಅಳಿಯ ಪೊಲೀಸರಿಗೆ ಫೋನು ಮಾಡುತ್ತೇನೆಂದ. ಮಾಡು ಎಂದರು. ನಿಮ್ಮ ಮೇಲೆ ಕೇಸು ಹಾಕುತ್ತೇನೆಂದ. ಹಾಕು ಎಂದರು. ಆಗ ಅಕ್ಕ ಹೊರಗೆ ಬಂದಳು. ನಾನು ಅವಳ ಹಿಂದೆಯೇ ಬಂದೆ. ಆದ್ದರಿಂದ ಮುಂದಿನದನ್ನು ನಾನು ಹತ್ತಿರದಿಂದ ಕಂಡೆ.

ಅಕ್ಕ ಮೊದಲು ಕೈ ಮುಗಿದಳು. "ಆಯಿ, ನನ್ನ ಹೊಟ್ಟಿ ಮ್ಯಾಲ ಹೊಡೀಬ್ಯಾಡ್ರಿ. ಬೀಳಗಿ ಜಾಗಾನೂ ಇದರಾಗ ಹೊಕ್ಕೈತಿ. ಇದು ಹ್ವಾದ್ರ ಅವ್ವನ ಖಾನಾವಳಿನೂ ಹೋಗ್ತೈತಿ."

"ಹೋಗಲಿ," ಎಂದರು ಆಯಿ. "ಅದು ನಿಮ್ಮವ್ವನ ಜೋಡಿನs ಹೋಗೇತಿ. ಅಮಾಸಿ ಅನ್ನಂಗಿಲ್ಲ, ದೇವ್ರನ್ನಂಗಿಲ್ಲ, ಮಂದಿ ಕೊಟ್ಟದ್ದನ್ನ ಮಾರಕೊಂಡ ತಿನ್ನಾಕಿ ನೀ. ನಿನ್ನಂಥಾಕಿ ನನ್ನ ಹೊಟ್ಟ್ಯಾಗ ಹುಟ್ಟಿದ್ರ ಅವತ್ತs ಕೃಷ್ಣಾ ನದಿಗಿ ಒಗೀತಿದ್ದೆ."

ಗಿರಾಕಿಗಳಲ್ಲಿ ಒಬ್ಬ ಸಿಳ್ಳೆ ಹಾಕಿದ. ಅಕ್ಕನ ಕುತ್ತಿಗೆಯ ನರ ಉಬ್ಬಿದ್ದನ್ನು ನಾನು ನೋಡಿದೆ. ಆಯಿಯ ಮಗನೂ ನೋಡಿರಬೇಕು. ಅವನು ತಲೆಯನ್ನು ಸ್ವಲ್ಪ ಅಲ್ಲಾಡಿಸಿದ. ಬೇಡ ಎಂದೇ ಅದರ ಅರ್ಥ.

"ಹಂಗಾರ ಮೊದಲ ನಿಮ್ಮ ಹೊಟ್ಟ್ಯಾಗ ಹುಟ್ಟಿದವನ್ನ ಒಗೀರಿ," ಎಂದಳು ಅಕ್ಕ. "ಕೇಳ್ರಿ ಅವನ್ನ. ಅಮಾಸಿ ದಿನ ಡೇರಿಗೆ ಹಾಲ ಹಾಕಾವ ಯಾರು? ಎಮ್ಮಿ ಬತ್ತಿದ್ದು ನನ್ನಿಂದೋ, ಅವನಿಂದೋ?"

ಅಷ್ಟು ಕುರಿಗಳಿದ್ದೂ ಒಂದು ಕ್ಷಣ ಸದ್ದೇ ಇಲ್ಲದಂತಾಯಿತು ಎಂದು ನನಗೆ ನೆನಪು. ಅದು ಹಾಗಿರಲಾರದು. ಹೆದ್ದಾರಿಯಲ್ಲಿ ಲಾರಿಗಳು ಓಡುತ್ತಲೇ ಇದ್ದಿರಬೇಕು.

ಆಯಿ ಮಗನ ಕಡೆ ತಿರುಗಿದರು. "ಖರೇ ಏನೋ?"

ಅವನು ಕೋಲನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದ.

"ನಿನ್ನನ್ನ ಕೇಳಾಕತ್ತೇನಿ. ಖರೇ ಏನು?"

"ಹೂನವ್ವಾ," ಎಂದ.

ಆಯಿ ಅವನನ್ನು ಬೈಯಲಿಲ್ಲ. ಅಕ್ಕನನ್ನೂ ಬೈಯಲಿಲ್ಲ. ಏಳಲು ಹೋದರು. ಮಗ ಹಿಡಿಯಲು ಬಂದಾಗ ಕೈ ಕೊಡವಿದರು. ನೆಲಕ್ಕೆ ಎರಡೂ ಅಂಗೈ ಊರಿ ತಾವೇ ಎದ್ದರು. ಕಂಬಳಿಯನ್ನು ಮಡಿಸಲಿಲ್ಲ, ಅದರ ತುದಿ ಹಿಡಿದು ಎಳೆದುಕೊಂಡೇ ಹೊರಟರು. ಅವರು ನಾಲಿಗೆಯಲ್ಲಿ ಸದ್ದು ಮಾಡಿದ್ದಕ್ಕೆ ಹಿಂಡು ತಿರುಗಿ ಅವರ ಹಿಂದೆ ಹೋಯಿತು. ವಸ್ತಿಯವರೂ ಹೋದರು. ಆ ಖಾಲಿ ಜಾಗದಲ್ಲಿ, ಹಿಕ್ಕೆಗಳ ನಡುವೆ, ಮಗನೊಬ್ಬನೇ ಕೋಲು ಹಿಡಿದು ನಿಂತಿದ್ದ. ಅವನು ಅಕ್ಕನನ್ನು ನೋಡಿದ ಬಗೆಯನ್ನು ವರ್ಣಿಸಲು ನನಗೆ ಬರುವುದಿಲ್ಲ. ಸಿಟ್ಟಿನಿಂದ ನೋಡಿದ್ದರೆ ಬರೆಯಬಹುದಿತ್ತು. ಆಮೇಲೆ ಅವನು ತಾಯಿ ಹೋದ ದಿಕ್ಕಿಗೆ ಹೋಗದೆ ಸೇತುವೆಯ ಕಡೆ ನಡೆದ.

ಅಳಿಯ ಪೈಪು ಹಿಡಿದು ಅಂಗಳ ತೊಳೆಸಿದ. "ಛಲೋ ಕೊಟ್ರಿ ಅತ್ತಿ. ಬಾಯಿ ಬಂದ್ ಆತು ನೋಡ್ರಿ," ಎಂದ. ಕಾರುಗಳು ಮತ್ತೆ ನಿಲ್ಲತೊಡಗಿದವು. ನಾನು ಸಾರಿನ ಸೌಟು ಕೆಳಗಿಟ್ಟು ನೀರಿನ ಟಾಕಿಯ ಹಿಂದೆ ಕುಳಿತಿದ್ದೆ. ಅಕ್ಕ ಅಲ್ಲಿಗೆ ಬಂದಳು.

"ಅಕಿ ಏನಂದ್ಲು ಕೇಳಿದ್ಯಿಲ್ಲ?" ಎಂದಳು.

"ಕೇಳಿದೆ."

"ಮತ್ತ ನಾ ಏನ ಮಾಡಬೇಕಿತ್ತು?"

"ಅವ ಗಡಿಗಿ ತರ್ತೇನಿ ಅಂದಿದ್ದ," ಎಂದೆ.

ಅಕ್ಕ ಟಾಕಿಯ ನಳದಲ್ಲಿ ಕೈ ತೊಳೆದು ಒಳಗೆ ಹೋದಳು.

ಗಡಿಗೆಗಳು ಆಮೇಲೆ ಎಂದೂ ಬರಲಿಲ್ಲ. ಆ ಮನೆಯ ಎಮ್ಮೆಗಳನ್ನು ಮುಧೋಳದ ಸಂತೆಗೆ ಹೊಡೆದರೆಂದು, ಮಗ ಬೇರೆ ಒಲೆ ಹೂಡಿದನೆಂದು ಬೀಳಗಿಯ ಗಿರಾಕಿಗಳು ಊಟಕ್ಕೆ ಕುಳಿತಾಗ ಹೇಳುತ್ತಿದ್ದರು. ಯಾವುದನ್ನೂ ನಾನು ಕಣ್ಣಾರೆ ನೋಡಿಲ್ಲ. ಹೆದ್ದಾರಿಯ ಹೋಟೆಲಿಗೆ ಅಳಿಯ ಡೇರಿಯ ಮೊಸರು ಗೊತ್ತುಮಾಡಿದ. ಅದನ್ನು ಮಣ್ಣಿನ ಬಟ್ಟಲಿಗೆ ಹಾಕಿ ಒಂದು ಗಂಟೆ ಫ್ರಿಜ್ಜಿನಲ್ಲಿಟ್ಟರೆ ಮೇಲಿನ ಭಾಗ ಗಟ್ಟಿಯಾಗಿ ಕಾಣುತ್ತದೆ. ಫೋಟೋದಲ್ಲಿ ವ್ಯತ್ಯಾಸ ತಿಳಿಯುವುದಿಲ್ಲ. ಗಿರಾಕಿಗಳು ಹಿಂತಿರುಗಿದರು. ನಾವು ಅಷ್ಟು ಹೆದರಿದ ಸಂಗತಿ, ಆ ಮೊಸರಿಲ್ಲದೆ ಹೋಟೆಲು ನಿಲ್ಲುವುದಿಲ್ಲ ಎಂಬುದು, ಸುಳ್ಳಾಯಿತು. ಹೋಟೆಲು ನಿಂತಿತು. ಅದನ್ನು ಬರೆಯದಿದ್ದರೆ ಇದು ಪೂರ್ತಿ ನಿಜವಾಗುವುದಿಲ್ಲ.

ಮುಂದಿನ ಅಮಾವಾಸ್ಯೆಗೆ ಅಕ್ಕ ಬೆಳಿಗ್ಗೆಯೇ ಅಳಿಯನಿಗೆ ಹೇಳಿದಳು: "ಇವತ್ತ ಮೊಸರಿಗಿ ರೊಕ್ಕಾ ತಗೋಬ್ಯಾಡ." ಡೇರಿಗೆ ನಾವು ದುಡ್ಡು ಕೊಟ್ಟಿದ್ದೇವಲ್ಲ, ಇದಕ್ಕೇನು ಅರ್ಥ ಎಂದು ಅವನು ಕೇಳಿದ. ಅವಳು ವಾದಿಸಲಿಲ್ಲ, ತಾನೇ ಬಟ್ಟಲುಗಳನ್ನು ಎತ್ತಿಕೊಂಡು ಟೇಬಲ್ಲಿಗೆ ಹೋದಳು. ನಾನು ಹಿಂದೆ ರೊಟ್ಟಿಯ ಬುಟ್ಟಿ ಹಿಡಿದಿದ್ದೆ.

ಕಿಟಕಿಯ ಪಕ್ಕ ಒಬ್ಬ ಗಿರಾಕಿ ಹೆಂಡತಿಯೊಡನೆ ಕುಳಿತಿದ್ದ. ಅಕ್ಕ ಬಟ್ಟಲು ಇಟ್ಟಳು.

"ನಾವು ಮೊಸರು ಹೇಳಿಲ್ರಿ," ಎಂದ ಅವನು.

"ಇರಲ್ರಿ, ಉಣ್ರಿ. ಇವತ್ತ ಮೊಸರಿಗಿ ರೊಕ್ಕ ಇಲ್ಲ."

ಅವನು ಬಟ್ಟಲನ್ನೂ ಅಕ್ಕನನ್ನೂ ನೋಡಿದ. "ಯಾಕ್ರಿ?"

"ಅಮಾಸಿ ಐತ್ರಿ."

"ಅಮಾಸಿ ಇದ್ರ?"

ಅಕ್ಕ ಹೇಳಲು ಬಾಯಿ ತೆರೆದಳು. ಎಲ್ಲಿಂದ ಶುರುಮಾಡುವುದೆಂದು ತಿಳಿಯದೆ ನಿಂತಳು. ಅವನ ಹೆಂಡತಿ ಬಟ್ಟಲಿನ ಮೇಲೆ ಬಗ್ಗಿ ಮೂಸಿದಳು. "ನಿನ್ನೀದು ಇರಬೇಕು. ಉಳದದ್ದನ್ನ ಹಿಂಗ ಸಾಗಸ್ತಾರ," ಎಂದು ಗಂಡನಿಗೆ ಹೇಳಿದಳು, ನಮಗೆ ಕೇಳುವಂತೆಯೇ. ಅವನು ಎರಡು ಬೆರಳಿನಿಂದ ಬಟ್ಟಲನ್ನು ಟೇಬಲ್ಲಿನ ಅಂಚಿಗೆ ಸರಿಸಿದ. ಪಕ್ಕದ ಟೇಬಲ್ಲಿನವರು ಅದನ್ನು ನೋಡಿ ತಮ್ಮ ಮುಂದಿದ್ದುದನ್ನೂ ಸರಿಸಿದರು.

ಅಕ್ಕ ಆ ಬಟ್ಟಲನ್ನು ನೋಡಿದಳು. ಆಮೇಲೆ ಏರಿಳಿತವಿಲ್ಲದ ಧ್ವನಿಯಲ್ಲಿ, "ಮೂವತ್ತ ರೂಪಾಯಿ ಆಕ್ಕೈತ್ರಿ," ಎಂದಳು.

"ಹಂಗ ಮೊದಲs ಹೇಳಬೇಕಿಲ್ರಿ," ಎಂದು ಅವನು ಬಟ್ಟಲನ್ನು ಹತ್ತಿರಕ್ಕೆ ಎಳೆದುಕೊಂಡು ಉಂಡ.